ಹಸಿರು ನೂಲಿನ ದಿನ ಕೆಂಪು ಉಗುಳು

ನಮ್ಮ ಇಳಕಲ್ಲಿನಲ್ಲಿ ಕೈಮಗ್ಗದ ಸೀರೆ ನಡೆಯುತ್ತದೆ, ಪವರ್‌ಲೂಮಿನ ಸೀರೆ ಓಡುತ್ತದೆ. ಆ ವಾರ ನಮ್ಮ ಶೆಡ್ಡಿನಲ್ಲಿ ಹಸಿರು ಸೀರೆ ಓಡುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಎಂದಿನಂತೆ ಹಿತ್ತಲ ಗೋಡೆಯ ಬುಡಕ್ಕೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದೆ. ಪಕ್ಕದ ಮಗ್ಗದ ದಸ್ತಗೀರ ಕಾಕಾ ಕೂಡ ಉಗುಳಿದರು. ಅವರದು ಹಸಿರು. ನನ್ನದು ಕೆಂಪು.

ನಾನು ಎರಡನ್ನೂ ನೋಡಿದೆ. ಕಾಕಾನೂ ನೋಡಿದರು.

"ಹೋದ ವಾರದ ಕೆಂಪು ಬಣ್ಣ ಹಲ್ಲಿನ ಸಂದ್ಯಾಗ ಉಳದಿರಬೇಕು ತಗೋ, ನೀಲವ್ವ," ಎಂದರು ಅವರು.

"ಹೌದ್ರಿ ಕಾಕಾ, ಅದs ಇರಬೇಕು," ಎಂದೆ. ನಾನು ಆ ವಾರ ದಿನಾ ಹಲ್ಲುಜ್ಜಿದ್ದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಇಬ್ಬರೂ ಒಳಗೆ ಹೋಗಿ ರೊಟ್ಟಿ ತಿಂದೆವು.

ನೇಕಾರರ ಉಗುಳಿಗೆ ಬಣ್ಣ ಯಾಕೆ ಎಂದು ಬೇರೆ ಊರಿನವರಿಗೆ ಹೇಳಲೇಬೇಕು. ಮಗ್ಗದಲ್ಲಿ ಅತ್ತಿಂದಿತ್ತ ಹಾರಿ ಅಡ್ಡನೂಲು ಹಾಕುವ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಕೂಡಿಸುತ್ತೇವೆ. ಅದರ ಎಳೆ ಲಾಳಿಯ ಪಕ್ಕದಲ್ಲಿರುವ ಸಣ್ಣ ತೂತಿನಿಂದ ಹೊರಗೆ ಬರಬೇಕು. ಬೆರಳು ಅಲ್ಲಿ ಹೋಗುವುದಿಲ್ಲ. ತೂತಿಗೆ ತುಟಿ ಹಚ್ಚಿ ಒಮ್ಮೆ ಚುಯ್ಯೆಂದು ಹೀರಿದರೆ ಎಳೆ ನಾಲಗೆಯ ಮೇಲೆ ಬಂದು ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರ ಕೆಲಸ. ಎಳೆಯ ಜೊತೆ ಬಣ್ಣ ಬರುತ್ತದೆ, ಹತ್ತಿಯ ಧೂಳೂ ಬರುತ್ತದೆ. ಆದ್ದರಿಂದ ಕೆಂಪು ನೂಲಿನ ವಾರ ಎಲ್ಲರೂ ಕೆಂಪು ಉಗುಳುತ್ತಿದ್ದೆವು, ನೀಲಿಯ ವಾರ ನೀಲಿ. ನಾನು ಅದಕ್ಕೂ ಮೊದಲು ಮೂರು ವಾರ ಕೆಂಪು ನೂಲಿನ ಮೇಲೇ ಇದ್ದೆ. ಆ ಮೂರು ವಾರದಲ್ಲಿ ಬಾಯಿಂದ ಹೋದದ್ದು ಎಷ್ಟು ಬಣ್ಣ, ಎಷ್ಟು ರಕ್ತ ಎಂದು ದೇವರೇ ಹೇಳಬೇಕು.

ಇದು ಎಂಬತ್ತರ ಆಸುಪಾಸಿನ ಮಾತು. ಆಗ ನನಗೆ ಇಪ್ಪತ್ತನಾಲ್ಕು. ತವರು ಬಾದಾಮಿ, ಕೊಟ್ಟದ್ದು ಇಳಕಲ್ಲಿಗೆ. ಮನೆಯಲ್ಲಿ ನಾವು ಮೂರೇ ಜನ: ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಾತೇ ಮರೆಯುವ ನನ್ನ ಗಂಡ, ಕಂಡಿಕೆ ಸುತ್ತುತ್ತ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವ ನನ್ನ ಅತ್ತೆ ಗುರವ್ವ, ಮತ್ತು ನಾನು. ಓಣಿಯ ಕೊನೆಯಲ್ಲಿ ಪವರ್‌ಲೂಮ್ ಶೆಡ್ ಎದ್ದಾಗ ಹಿರಿಯರೆಲ್ಲ ಮೂಗು ಮುರಿದರು. ನಾನು ನೋಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಎಂಥ ಸದ್ದು! ಎದೆಗೂಡೇ ಅದರುವ ಸದ್ದು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವುದು ಕಣ್ಣಿಗೇ ಕಾಣಿಸುತ್ತಿರಲಿಲ್ಲ, ಬಟ್ಟೆ ಮಾತ್ರ ಬೆಳೆಯುತ್ತ ಹೋಗುತ್ತಿತ್ತು. ನನ್ನ ಗಂಡ ಮೂರು ದಿನ ನೇಯುವ ಸೀರೆ ಅಲ್ಲಿ ಹೊತ್ತು ಮುಳುಗುವುದರೊಳಗೆ ಮಡಿಕೆಯಾಗುತ್ತಿತ್ತು. ನನಗೆ ಹುಚ್ಚೇ ಹಿಡಿಯಿತು. ಮೊದಲು ನೂಲು ಸುತ್ತಲು ಸೇರಿದೆ, ಆರು ತಿಂಗಳಲ್ಲಿ ಎರಡು ಮಗ್ಗ ನೋಡಿಕೊಂಡೆ, ವರುಷ ತುಂಬುವುದರಲ್ಲಿ ನಾಲ್ಕು. ನಾಲ್ಕು ಮಗ್ಗ ಓಡಿಸುವ ಹೆಣ್ಣುಮಗಳು ಆ ಶೆಡ್ಡಿನಲ್ಲಿ ನಾನೊಬ್ಬಳೇ. ಹೆಮ್ಮೆ ಅಂದರೆ ಹೆಮ್ಮೆ! ನೆಲದ ಮೇಲೆ ಕಾಲೇ ಊರುತ್ತಿರಲಿಲ್ಲ ಅನ್ನಿ.

ನಾಲ್ಕು ಮಗ್ಗ ಅಂದರೆ ಒಂದರ ಕಂಡಿಕೆ ತೀರುವಷ್ಟರಲ್ಲಿ ಇನ್ನೊಂದರದು ತೀರಿರುತ್ತದೆ. ತೆಗಿ, ಕೂಡಿಸು, ಹೀರು, ಬಿಡು. ಮನೆಯ ಮಗ್ಗದಲ್ಲಿ ದಿನಕ್ಕೆ ಹತ್ತಿಪ್ಪತ್ತು ಸಲ ಹೀರುವ ಬಾಯಿ ಇಲ್ಲಿ ನೂರಾರು ಸಲ ಹೀರಬೇಕು. ಬೆಳಗಿನ ಪಾಳಿಯವರು ಬಿಟ್ಟ ಲಾಳಿ ಮಧ್ಯಾಹ್ನದ ಪಾಳಿಯವರಿಗೆ. ಪಕ್ಕದವರ ಮಗ್ಗ ನಿಂತರೆ ಓಡಿಹೋಗಿ ಅವರ ಲಾಳಿಯನ್ನೂ ನಾವೇ ಹೀರಿ ಬಿಡುವುದು, ಅದು ನಮ್ಮೊಳಗಿನ ಮರ್ಯಾದೆ. ಗಾಳಿಗೆ ನೂಲು ಒಣಗಿ ಹರಿಯುತ್ತದೆಂದು ಕಿಟಕಿಗಳನ್ನು ಮುಚ್ಚಿರುತ್ತಿದ್ದರು. ಇಷ್ಟೂ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ನೋಡಿಯೂ ನೋಡಲಿಲ್ಲ.

ಹಸಿರು ನೂಲಿನ ಆ ಸಂಜೆ ಮನೆಗೆ ಬಂದು ಅತ್ತೆಯ ಮುಂದೆ ಬಚ್ಚಲಲ್ಲಿ ಮತ್ತೊಮ್ಮೆ ಉಗುಳಿದೆ. ಅತ್ತೆ ಬಗ್ಗಿ ನೋಡಿದರು. ಅವರ ಬಾಯಲ್ಲಿ ಮಾತು ನಿಂತದ್ದನ್ನು ಅಂದೇ ಮೊದಲು ನೋಡಿದೆ.

"ಎಷ್ಟ ದಿನದಿಂದ?"

"ಗೊತ್ತಿಲ್ಲ ಅತ್ತಿ. ಕೆಂಪು ನೂಲಿತ್ತಲ್ಲ."

ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮತ್ತು ನನ್ನ ಗಂಡ ಬಾಗಲಕೋಟೆಗೆ ಹೊರಟೆವು. ಹುನಗುಂದದಲ್ಲಿ ಬಸ್ಸು ನಿಂತಾಗ ಅವರು ಇಳಿದು ಚಹಾ ತಂದರು. ನಾನು ಕಪ್ಪು ಹಿಡಿದುಕೊಂಡು, ಇದನ್ನು ತೊಳೆದು ಇನ್ನೊಬ್ಬರಿಗೆ ಕೊಡುತ್ತಾರಲ್ಲ ಎಂದು ಯೋಚಿಸಿ ಕುಡಿಯದೇ ಕೂತೆ. ಅವರಿಗೆ ತಿಳಿಯಿತು. ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಗಟಗಟ ಕುಡಿದರು. "ನೀ ಮುಟ್ಟಿಲ್ಲಲ್ಲ ಇನ್ನ. ಚಹಾ ಯಾಕ ಕೆಡಸ್ಬೇಕು," ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದೇ ಅಪರೂಪ. ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು.

ದವಾಖಾನೆಯ ಪಡಸಾಲೆಯ ಬಾಕಿನ ಮೇಲೆ ಅರ್ಧ ದಿನ ಕೂತೆವು. ಎಕ್ಸ್‌ರೇ ತೆಗೆಯುವ ಕೋಣೆಯ ಬಾಗಿಲು ತೆರೆದಾಗಲೆಲ್ಲ ಸಾಲು ಸಾಲು ತಲೆಗಳು ಅತ್ತ ಹೊರಳುತ್ತಿದ್ದವು. ಕಲಾದಗಿಯಿಂದ ಬಂದ ಒಬ್ಬಾಕೆ ನನ್ನ ಹೆಸರು, ಊರು, ಮಕ್ಕಳು ಎಲ್ಲ ಕೇಳಿ ಮುಗಿಸಿ, ಸೀರೆಯ ಸೆರಗಿನಿಂದ ಒಂದು ಪೇರಲಹಣ್ಣು ತೆಗೆದು ಕೊಟ್ಟಳು. ಏನು ಬ್ಯಾನೆ ಎಂದು ಮಾತ್ರ ಕೇಳಲಿಲ್ಲ. ಆ ಬಾಕಿನ ಮೇಲೆ ಯಾರೂ ಯಾರನ್ನೂ ಅದನ್ನು ಕೇಳುತ್ತಿರಲಿಲ್ಲ. ಇವತ್ತಿಗೂ ಪೇರಲಹಣ್ಣಿನ ವಾಸನೆ ಬಂದರೆ ನನಗೆ ಆಕೆಯ ನೆನಪಾಗುತ್ತದೆ, ಹೆಸರು ಕೇಳದೇ ಬಂದೆನಲ್ಲ ಎಂದು ಕೆಡುಕೆನಿಸುತ್ತದೆ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಟೀಬಿ ಎಂದರು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ: "ವಾಸಿ ಆಗ್ತದವಾ. ಎರಡು ತಿಂಗಳು ಇಲ್ಲೇ ಇದ್ದು ದಿನಾ ಸೂಜಿ ಮಾಡಿಸ್ಕೋ. ಆಮ್ಯಾಲ ಮನಿಯಾಗ ಗುಳಿಗಿ. ಒಟ್ಟು ಒಂದೂವರಿ ವರ್ಷ. ನಡುವ ಬಿಟ್ಟಿ ಅಂದ್ರ ನಾ ಜವಾಬ್ದಾರ ಅಲ್ಲ." ವಾಸಿ ಆಗ್ತದ! ಆ ಒಂದು ಮಾತನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಆಮೇಲೆ ಅವರು ಕೇಳಿದರು: "ಯಾರದರ ಎಂಜಲ ತಿಂತೀರೇನು? ಒಂದ ಲೋಟದಾಗ ಕುಡಿಯೋದು, ಮಾಡೋದು?"

ನನಗೆ ಸಿಟ್ಟೇ ಬಂತು. "ನಮ್ದು ನೇಕಾರರ ಮನಿರಿ ಸಾಹೇಬ್ರ. ನೀರು ಕುಡದ್ರೂ ತಂಬಿಗಿ ಎತ್ತಿ ಕುಡೀತೇವಿ. ತುಟಿ ಹಚ್ಚಂಗಿಲ್ಲ!"

ಎಂಥ ಠೇಂಕಾರ ನನ್ನದು!

ವಾರ್ಡಿನ ಎರಡು ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಜಿಯಿಂದ ಕುಂಡಿ ಕಲ್ಲಾಗಿತ್ತು, ಎದ್ದು ನಿಂತರೆ ನೆಲ ತಿರುಗುತ್ತಿತ್ತು, ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಡಾಕ್ಟರಿಗೆ ಹೇಳಿದೆ, ಅವರು ಸೂಜಿಯ ಪ್ರಮಾಣ ಇಳಿಸಿದರು. ನೀವು ಯಾರಾದರೂ ಇಂಥ ಚಿಕಿತ್ಸೆಯಲ್ಲಿದ್ದರೆ ಆಗುವುದನ್ನೆಲ್ಲ ಹೇಳಿ, ನುಂಗಿಕೊಂಡು ಕೂರಬೇಡಿ. ನುಂಗಲು ಗುಳಿಗೆಗಳೇ ಬೇಕಾದಷ್ಟಿರುತ್ತವೆ.

ಬಾದಾಮಿಯಿಂದ ಅಪ್ಪ ಬಂದರು, ಮಗಳನ್ನು ತವರಿಗೆ ಕರೆದೊಯ್ಯಲು. ನಮ್ಮ ಕಡೆ ಸೊಸೆಗೆ ಇಂಥ ಬ್ಯಾನೆ ಬಂದರೆ ತವರಿಗೆ ಕಳಿಸುವುದೇ ರೂಢಿ. ಹಾಗೆ ಹೋದವರು ಗಂಡನ ಮನೆಗೆ ಮರಳಿದ್ದನ್ನು ನಾನು ಕಂಡಿರಲಿಲ್ಲ. ಅಂದೇ ಬುತ್ತಿ ತಂದಿದ್ದ ಅತ್ತೆ ಮಂಚದ ಕಾಲಬದಿಯಲ್ಲಿ ನಿಂತಿದ್ದರು. ಹೋಗು ಅಂದುಬಿಟ್ಟರೆ?

"ಬೀಗರ, ಬ್ಯಾನಿ ನನ್ನ ಮನಿಯಾಗ ಹತ್ತೇತಿ, ನನ್ನ ಮನಿಯಾಗs ಬಿಡ್ತೇತಿ," ಎಂದರು ಅತ್ತೆ. "ನೀವು ಉಂಡು ಹೋಗ್ರಿ. ಬನಶಂಕರಿಗೆ ಹರಕಿ ಹೊತ್ತೇನಿ. ಇಕಿ ಎದ್ದ ಮ್ಯಾಲ ಇಕಿ ಕೈಯಿಂದs ಸೀರಿ ನೇಯಿಸಿ ಉಡಸ್ತೇನಿ."

ಅಪ್ಪ ಅತ್ತರು. ನನಗೂ ಅಳು ಬಂತು. ಅತ್ತೆ ಮಾತ್ರ ಬುತ್ತಿಗಂಟು ಬಿಚ್ಚಿ, ಜೋಳದ ರೊಟ್ಟಿ ಮುರಿದು ಬಡಿಸತೊಡಗಿದರು.

ವಾರ್ಡಿನಲ್ಲಿ ಒಬ್ಬ ಮಲಯಾಳಿ ಸಿಸ್ಟರ್ ಇದ್ದರು. ಕೆಲಸ ಕಡಿಮೆ ಇದ್ದಾಗ ಕ್ರೋಶಾ ಹೆಣೆಯುತ್ತಿದ್ದರು. ನಾನು ನಾಲ್ಕು ಮಗ್ಗದ ಕೈ, ಸುಮ್ಮನೆ ಇರಲಾರದೆ ಹಾಸಿಗೆಯ ಅಂಚು ಕಿತ್ತು ಕಿತ್ತು ಹಾಕಿದ್ದೆ. ಅದನ್ನು ನೋಡಿ ಅವರು ಬೈಯಲಿಲ್ಲ. ಒಂದು ಹಳೆಯ ಉಕ್ಕಿನ ಕಡ್ಡಿ ಕೊಟ್ಟರು, ಸೂಜಿಯಷ್ಟು ತೆಳುವು, ತುದಿಯಲ್ಲಿ ಕಂಡೂ ಕಾಣದ ಕೊಕ್ಕೆ. "ಕೈಗೆ ಕೆಲಸ ಕೊಡಮ್ಮ. ತಲೆ ಸುಮ್ಮನಾಗ್ತದೆ," ಎಂದರು. ನಾನು ಹೆಣೆದದ್ದೆಲ್ಲ ಸೊಟ್ಟಸೊಟ್ಟ. ಆದರೆ ಮನೆಗೆ ಹೊರಟ ದಿನ ಆ ಕಡ್ಡಿಯನ್ನು ಅವರು ನನಗೇ ಕೊಟ್ಟರು.

ಮನೆಯಲ್ಲಿ ಅತ್ತೆ ನನಗೆ ಬೇರೆ ತಾಟು, ಬೇರೆ ತಂಬಿಗೆ ಇಟ್ಟಿದ್ದರು. ಗುರುತಿಗೆ ತಂಬಿಗೆಯ ಕೊರಳಿಗೆ ಹಸಿರು ನೂಲು ಕಟ್ಟಿದ್ದರು. ಮನಸ್ಸಿಗೆ ಚುಚ್ಚಿತು, ಆದರೆ ದವಾಖಾನೆಯವರು ಹೇಳಿದ್ದೂ ಅದನ್ನೇ. ಹೀಗೇ ಗುಳಿಗೆ ನುಂಗುತ್ತ, ಜೋಳದ ಅಂಬಲಿ ಕುಡಿಯುತ್ತ ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಎದ್ದಿದ್ದರು. ಮಗ್ಗ ಖಾಲಿ ಇತ್ತು. ಕೈ ಕಡಿಯುತ್ತಿತ್ತು. ಲಾಳಿ ಎತ್ತಿ ಹೊಸ ಕಂಡಿಕೆ ಕೂಡಿಸಿ, ತುಟಿ ಹಚ್ಚಿ ಚುಯ್ಯೆಂದು ಹೀರಿದೆ. ಎಳೆ ಬರುವಷ್ಟರಲ್ಲಿ ಹರಿದು ಒಳಗೇ ಉಳಿಯಿತು.

"ಕೊಡು ಇಲ್ಲಿ, ರೂಢಿ ತಪ್ಪೇತಿ ನಿನಗ," ಎಂದು ಅತ್ತೆ ಲಾಳಿಯನ್ನು ನನ್ನ ಕೈಯಿಂದ ಕಸಿದುಕೊಂಡು, ನನ್ನ ತುಟಿಯ ಹಸಿ ಇನ್ನೂ ಆರದ ಅದೇ ತೂತಿಗೆ ತಮ್ಮ ತುಟಿ ಹಚ್ಚಲು ಹೋದರು.

"ಅತ್ತೀ! ಬ್ಯಾಡ!" ನಾನು ಕಿರುಚಿದ ಸದ್ದಿಗೆ ನನ್ನ ಗಂಡ ಕೈಯಲ್ಲಿ ತುತ್ತು ಹಿಡಿದೇ ಓಡಿಬಂದರು.

"ಏನಾತಲೇ ಹುಡುಗಿ?"

"ಅದು ನನ್ನ ಎಂಜಲರಿ!"

ಅತ್ತೆ ನಕ್ಕರು. "ಹುಚ್ಚಿ. ಲಾಳಿಗೆ ಎಲ್ಲಿ ಎಂಜಲ? ಅದು ತಾಯಿ ಬನಶಂಕರಿ ಆಯುಧ."

ಹೇಳಿ ಮುಗಿಸಿದ ಮೇಲೆ ಅವರ ಕಣ್ಣು ತಾವಾಗಿಯೇ ಒಲೆಯ ಪಕ್ಕದ ತಂಬಿಗೆಯ ಮೇಲೆ, ಅದರ ಕೊರಳ ಹಸಿರು ನೂಲಿನ ಮೇಲೆ ಹೋದವು. ಮತ್ತೆ ಲಾಳಿಯ ಮೇಲೆ ಬಂದವು. ಲಾಳಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಕೈಮುಗಿದು, ಗೋಡೆಗೆ ಒರಗಿ ಕೂತರು.

ನೀರನ್ನು ಎತ್ತಿ ಕುಡಿಯುವ ನಾವು! ಇನ್ನೊಬ್ಬರು ಕಚ್ಚಿದ ಹಣ್ಣನ್ನು ಮುಟ್ಟದ ನಾವು! ಶೆಡ್ಡಿನಲ್ಲಿ ಎಷ್ಟು ಬಾಯಿಯ ಲಾಳಿಯನ್ನು ನಾನು ಹೀರಿದ್ದೆ, ನನ್ನದನ್ನು ಎಷ್ಟು ಜನ ಹೀರಿದ್ದರು! ಹೆದರಿಕೆಯಾಯಿತು. ಅದೇ ಹೊತ್ತಿಗೆ, ಹೇಗೆ ಹೇಳಲಿ, ಒಳಗಿನಿಂದ ಒಂದು ಉತ್ಸಾಹವೂ ಉಕ್ಕಿ ಬಂತು. ನನ್ನ ವೈರಿ ಎಲ್ಲಿ ಅಡಗಿರಬಹುದು ಎಂದು ಮೊದಲ ಸಲ ಕಣ್ಣಿಗೆ ಬಿದ್ದಿತ್ತು. ಎದ್ದು ಟ್ರಂಕಿನಿಂದ ಸಿಸ್ಟರ್ ಕೊಟ್ಟ ಕ್ರೋಶಾ ಕಡ್ಡಿ ತೆಗೆದೆ. ಹೊರಗಿನಿಂದ ತೂತಿಗೆ ತೂರಿಸಿ, ಕೊಕ್ಕೆಗೆ ಎಳೆ ಸಿಕ್ಕಿಸಿ ಎಳೆದೆ.

ಬಂತು! ಒಣ ಎಳೆ, ಬಾಯಿ ಮುಟ್ಟದ ಎಳೆ!

ಬಾಗಲಕೋಟೆಗೆ ಮುಂದಿನ ಗುಳಿಗೆಗೆ ಹೋದಾಗ ಡಾಕ್ಟರಿಗೆ ಲಾಳಿಯನ್ನೇ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿನಗ ಇದರಿಂದನs ಬಂತು ಅಂತ ನಾ ಹೇಳಾಕ ಬರಂಗಿಲ್ಲ. ಮುಚ್ಚಿದ ಕಿಟಕಿ, ಕೆಮ್ಮೋ ಮಂದಿ, ಅದೂ ಸಾಕು. ಆದ್ರ ಇದನ್ನ ಬಿಡ್ರಿ. ಕಿಟಕೀನೂ ತಗೀರಿ," ಎಂದರು. ನನ್ನ ಕಫದಲ್ಲಿ ಈಗ ರೋಗವಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಬಸ್ಸಿನಲ್ಲಿ ಕೂತವಳಿಗೆ ಹುನಗುಂದ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಶೆಡ್ಡಿನ ಮಾಲಕರು ಕೆಟ್ಟವರಲ್ಲ. ಚೀಟಿ ಓದಿದರು, ತಲೆ ಕೆರೆದುಕೊಂಡರು. "ನೀಲವ್ವ, ಚೀಟಿ ನಾ ನಂಬತೇನಿ. ಆದ್ರ ನೀ ತುಟಿ ಹಚ್ಚಿದ ಲಾಳಿ ಮುಟ್ಟಾಕ ಮಂದಿ ಹೆದರತಾರ."

"ನಾ ತುಟಿ ಹಚ್ಚಂಗಿಲ್ರಿ," ಎಂದು ಕಡ್ಡಿ ತೋರಿಸಿದೆ.

"ಈ ಕಡ್ಡಿ ತಗೊಂಡು ನಾಲ್ಕು ಮಗ್ಗ ನೋಡ್ತೀ? ನೀ ಎಳಿ ಹುಡುಕೂತನಾ ಮಗ್ಗ ನಿದ್ದಿ ಮಾಡತಾವು."

"ಮಾಡಂಗಿಲ್ರಿ. ಬೇಕಾದ್ರ ದಸ್ತಗೀರ ಕಾಕಾನ ಕೂಡ ಪಂತ ಹಚ್ರಿ."

ಬಾಯಿ ತಪ್ಪಿ ಬಂದ ಮಾತು. ಲಾಳಿ ಹೀರುವುದರಲ್ಲಿ ದಸ್ತಗೀರ ಕಾಕಾನದು ಇಡೀ ಓಣಿಯಲ್ಲೇ ಚುರುಕಾದ ಬಾಯಿ. ಮಾಲಕರಿಗೆ ಮೋಜೆನಿಸಿತು. ಹದಿನೈದು ದಿನದ ಮೇಲೆ, ಮಧ್ಯಾಹ್ನ ಮಗ್ಗ ನಿಂತಾಗ, ಹತ್ತು ಹತ್ತು ಲಾಳಿ. ಕಾಕಾನಷ್ಟೇ ಬೇಗ ಮುಗಿಸಿದರೆ ನನ್ನ ನಾಲ್ಕು ಮಗ್ಗ ನನಗೆ. ಇಲ್ಲವಾದರೆ ಇಲ್ಲ.

ಆ ಹದಿನೈದು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ! ಅತ್ತೆ ಕಂಡಿಕೆ ಸುತ್ತಿ ಸುತ್ತಿ ಒಗೆಯುವರು, ನಾನು ಕೂಡಿಸಿ ಎಳೆಯುವೆ. "ಹೂಂ, ಎಮ್ಮಿ ಎದ್ದಂಗ ಏಳಬ್ಯಾಡ, ಜಗ್ಗು!" ಎಂದು ಅವರ ಕೂಗು. ನನ್ನ ಗಂಡ ಒಂದು ದಿನ ಮಾತಿಲ್ಲದೆ ಕಡ್ಡಿಯನ್ನು ತೆಗೆದುಕೊಂಡು ಹೋಗಿ, ಕೊಕ್ಕೆಯನ್ನು ಅರದಿಂದ ಇನ್ನಷ್ಟು ಸಣ್ಣಗೆ ಉಜ್ಜಿ, ಹಿಡಿಯಲು ಬಿದಿರಿನ ಹಿಡಿಕೆ ಕೂಡಿಸಿ ತಂದರು. ಆಮೇಲೆ ಅದು ಬೆರಳಿನ ಹಾಗೆಯೇ ಮಾತು ಕೇಳತೊಡಗಿತು. ರಾತ್ರಿ ಕಣ್ಣು ಮುಚ್ಚಿದರೆ ತೂತು, ಕಣ್ಣು ಬಿಟ್ಟರೆ ತೂತು.

ಪಂತದ ದಿನ ಮಗ್ಗಗಳೆಲ್ಲ ನಿಂತು ಶೆಡ್ಡು ನಿಶ್ಶಬ್ದವಾಗಿತ್ತು. ಕೆಂಪು ನೂಲಿನ ಕಂಡಿಕೆಗಳು. ಸುತ್ತ ಎರಡೂ ಪಾಳಿಯ ಜನ. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ಈ ಸಲ ರೋಗಕ್ಕಲ್ಲ. ಮಾಲಕರು ಚಪ್ಪಾಳೆ ತಟ್ಟಿದರು. ಕೂಡಿಸು, ತೂರಿಸು, ಎಳೆ. ಕೂಡಿಸು, ತೂರಿಸು, ಎಳೆ. ಆ ಕಡೆ ಕಾಕಾನ ಚುಯ್, ಚುಯ್. ಐದಕ್ಕೆ ಸರಿಸಮ. ಏಳಕ್ಕೆ ನಾನು ಮುಂದೆ! ಯಾರೋ "ಹೊಡಿ ನೀಲವ್ವ!" ಎಂದು ಕೂಗಿದರು. ಎಂಟನೆಯದರಲ್ಲಿ ಬೆವರಿದ ಕೈಯಿಂದ ಕಡ್ಡಿ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿ, ಒರೆಸಿ, ಒಂಬತ್ತನೆಯ ಎಳೆ ಎಳೆಯುವ ಹೊತ್ತಿಗೆ ಕಾಕಾ ಹತ್ತನೆಯ ಲಾಳಿಯನ್ನು ಮೇಲೆತ್ತಿ ತೋರಿಸಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಲಕರು ನನ್ನ ಮುಖ ನೋಡಲಾರದೆ ನೆಲ ನೋಡಿದರು. "ಹತ್ತಕ್ಕ ಒಂದು ಹಿಂದ ಬಿದ್ದಿಯವ್ವ. ಸಂಜೀತನಾ ಎಷ್ಟ ಆದೀತು ನೀನs ನೋಡು." ನಾನು ಕಡ್ಡಿಯನ್ನು ಸೆರಗಿಗೆ ಒರೆಸುತ್ತ ನಿಂತೆ. ಅಳಬಾರದು ಎಂದು ತುಟಿ ಕಚ್ಚಿಕೊಂಡಿದ್ದೆ.

ಗೆದ್ದ ಕಾಕಾ ಗಂಟಲು ಕೆರೆಯಿತೆಂದು ಹಿತ್ತಲ ಬಾಗಿಲಿಗೆ ಹೋಗಿ ಗೋಡೆಯ ಬುಡಕ್ಕೆ ಉಗುಳಿದರು. ಉಗುಳಿದವರು ತಿರುಗಿ ಬರಲಿಲ್ಲ. ಅಲ್ಲೇ ನಿಂತು ನೆಲ ನೋಡುತ್ತಿದ್ದರು.

"ಏನಾತೋ ದಸ್ತಗೀರ?" ಎಂದರು ಮಾಲಕರು.

ಕಾಕಾ ನನ್ನನ್ನು ಕರೆದರು. "ನೀಲವ್ವ, ಇಲ್ಲಿ ಬಾರವ್ವಾ." ಹೋದೆ. ನೆಲದ ಮೇಲೆ ಕೆಂಪು.

"ಇದು ಬಣ್ಣs ಇರಬೇಕು," ಎಂದರು. "ಆದ್ರ ಅಂದು ನಾನs ನಿನಗ ಬಣ್ಣ ಅಂತ ಹೇಳಿದ್ದೆ. ನನಗೂ ಕೆಮ್ಮ ಐತಿ. ಇದು ಬಣ್ಣನೋ ರಕ್ತನೋ, ನಾ ಹ್ಯಾಂಗ ತಿಳ್ಕೊಳ್ಳಲಿ?"

ಎರಡೂ ಪಾಳಿಯವರು ಬಾಗಿಲಿಗೆ ಬಂದು ಬಗ್ಗಿ ನೋಡಿದರು. ಆ ಗೋಡೆಯ ಬುಡದಲ್ಲಿ ದಿನಾ ಉಗುಳಿದವರೇ ಎಲ್ಲರೂ. ಕಾಕಾ ಕೈ ಚಾಚಿದರು.

"ಆ ಕಡ್ಡಿ ಕೊಡು ಇಲ್ಲಿ. ಹ್ಯಾಂಗ ಹಿಡೀಬೇಕು ತೋರ್ಸು." ಆಮೇಲೆ ಮಾಲಕರ ಕಡೆ ಹೊರಳಿ, "ಮಾಲಕ್ರ, ನನ್ನ ಮಗ್ಗಕ್ಕೂ ಇನ್ನ ಇದರಿ. ಮಗ್ಗ ನಿದ್ದಿ ಮಾಡಿದ್ರ ಮಾಡ್ಲಿ, ನಾ ಎಚ್ಚರಿರತೇನಿ," ಎಂದರು.

ಮಾಲಕರು ನನ್ನ ಕಡೆ ನೋಡಿ, ಕೊನೆಗೆ ನನ್ನ ನಾಲ್ಕು ಮಗ್ಗದ ಕಡೆ ಕೈ ತೋರಿಸಿದರು. ಅಷ್ಟೇ! ನಾನು ಓಡಿದೆ. ನಡೆದು ಹೋಗುವಷ್ಟು ವ್ಯವಧಾನ ಎಲ್ಲಿತ್ತು?

ಕಿಟಕಿ ತೆರೆದು, ನೂಲು ಒಣಗದಂತೆ ಹಸಿ ಗೋಣಿಚೀಲ ಕಟ್ಟಿದ್ದು, ಎಲ್ಲರ ಕೊರಳಲ್ಲೂ ದಾರ ಕಟ್ಟಿದ ಕಡ್ಡಿ ಜೋತಾಡಿದ್ದು ಆಮೇಲಿನ ಮಾತು, ಜಗಳಾಡಿಕೊಂಡೇ ಆಯಿತು. ಬನಶಂಕರಿಗೆ ಸೀರೆ ನೇಯ್ದದ್ದು ಮನೆಯ ಮಗ್ಗದಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು. ಅದರ ಒಂದು ಎಳೆಗೂ ಯಾರ ತುಟಿಯೂ ತಾಗಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಪಂತದ ಮರುವಾರ. ಶೆಡ್ಡಿನಲ್ಲಿ ಇನ್ನೂ ಕೆಂಪು ನೂಲೇ ಓಡುತ್ತಿತ್ತು. ಕಾಕಾ ವಾರವಿಡೀ ಲಾಳಿಗೆ ಬಾಯಿ ಹಚ್ಚಿರಲಿಲ್ಲ. ಇನ್ನು ಉಗುಳು ಕೆಂಪಾದರೆ ಅದು ಬಣ್ಣವಲ್ಲ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕೆಮ್ಮುತ್ತ ಹಿತ್ತಲಿಗೆ ಹೋದರು. ನನ್ನ ನಾಲ್ಕೂ ಮಗ್ಗ ಓಡುತ್ತಿದ್ದವು, ನನ್ನ ಕಣ್ಣು ಮಾತ್ರ ಬಾಗಿಲ ಮೇಲಿತ್ತು. ಕಾಕಾ ಬಾಗಿಲಲ್ಲಿ ಕಾಣಿಸಿಕೊಂಡರು. ಎರಡೂ ಕೈ ಮೇಲೆತ್ತಿ, ಬಾಯಿ ತುಂಬ ಏನೋ ಕೂಗಿದರು. ಆ ಸದ್ದಿನಲ್ಲಿ ಒಂದಕ್ಷರ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ತುಟಿಯಲ್ಲೇ ಓದಿಕೊಂಡೆ: "ಬೆಳ್ಳಗ ಐತಿ, ನೀಲವ್ವಾ! ಬೆಳ್ಳಗ!"